ನೀಲ ತಿರುಗಿ ನೋಡದ ವರ್ಷ

ಆಗೆಲ್ಲ ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಎಳೆಮಕ್ಕಳ ಬೆಳವಣಿಗೆ ಅಡುಗೆಮನೆಯ ವಾಸನೆಯಿಂದಲೇ ಗೊತ್ತಾಗುತ್ತಿತ್ತು. ಮಗು ಬೋರಲು ಬಿದ್ದರೆ ಆ ಮನೆಯಲ್ಲಿ ಕಡುಬು ಬೇಯುತ್ತಿತ್ತು. ತಾನಾಗಿ ಕೂತರೆ ತಂಬಿಟ್ಟು. ಅಂಬೆಗಾಲಿಡುತ್ತ ಹೊಸಿಲು ದಾಟಿದರೆ ಹೋಳಿಗೆ. ಮೊದಲ ಹೆಜ್ಜೆ ಇಟ್ಟ ದಿನ ಸಜ್ಜಪ್ಪ. ಸಂಜೆ ಜಗಲಿಯ ಮೇಲೆ ಕೂತ ಹೆಂಗಸರು ಗಾಳಿ ಮೂಸಿ, "ಮೂಲೆಮನೆ ಕೂಸು ಹೊಸಿಲು ದಾಟ್ತು ಅಂತ ಕಾಣುತ್ತೆ" ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ಬಟ್ಟೆ ಮುಚ್ಚಿದ ತಟ್ಟೆ ನಮ್ಮ ಬಾಗಿಲಿಗೆ ಬಂದಿರುತ್ತಿತ್ತು.

ಮಾತಿಗೆ ಮಾತ್ರ ಯಾವ ತಿಂಡಿಯೂ ಇರಲಿಲ್ಲ. ಮಾತು ಇಂಥ ದಿನವೇ ಬಂತೆಂದು ಯಾರಿಗೂ ಹೇಳಲಾಗುವುದಿಲ್ಲ. ಅದು ಬಾರದೆ ಹೋದರೂ ಹಾಗೆಯೇ, ಯಾವ ದಿನ ಬರಲಿಲ್ಲ ಎಂದು ಯಾರೂ ಹೇಳಲಾರರು.

ನನ್ನ ತಂಗಿ ನೀಲ ಹುಟ್ಟಿದಾಗ ನನಗೆ ಒಂಬತ್ತು ತುಂಬಿತ್ತು. ಯುಗಾದಿ ಕಳೆದು ಎರಡು ವಾರವಾಗಿತ್ತು. ನನ್ನ ನಂತರ ಅಮ್ಮನಿಗೆ ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತಂತೆ. ಹಾಗಾಗಿ ಅಮ್ಮ ಆ ಒಂಬತ್ತು ತಿಂಗಳೂ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಂಡೇ ಹತ್ತುತ್ತಿದ್ದಳು. ಅಪ್ಪಾಜಿಗೆ ತರಗುಪೇಟೆಯಲ್ಲಿ ಬೆಲ್ಲದ ಮಂಡಿಯಿತ್ತು. ಅವರು ಸಂಜೆ ಮನೆಗೆ ಬಂದರೆ ಅವರ ಪಂಚೆ, ಅಂಗಿ, ಕೊನೆಗೆ ಮೀಸೆ ಕೂಡ ಅಚ್ಚುಬೆಲ್ಲದ ವಾಸನೆ ಹೊಡೆಯುತ್ತಿತ್ತು. ನೀಲ ಹುಟ್ಟಿದ ದಿನ ಮಂಡಿಯಿಂದ ಒಂದು ಪಿಂಡಿ ಬೆಲ್ಲ ಬಂತು. ಅಪ್ಪಾಜಿಯ ತಾಯಿ, ನಮ್ಮ ಅಜ್ಜಿ, ಅದನ್ನು ಒಡೆದು ಬೀದಿಗೆಲ್ಲ ಹಂಚಿದಳು.

ನಮ್ಮ ಮನೆಯಲ್ಲಿ ಕೂಸಿನ ಯಜಮಾನಿಕೆ ಪೂರ್ತಿ ಅಜ್ಜಿಯದು. ಬೆಳಿಗ್ಗೆ ಸ್ನಾನ ಮಾಡಿ ಇಷ್ಟಲಿಂಗ ಪೂಜೆ ಮುಗಿಸಿದ ಮೇಲೆ ಅವಳ ಮೊದಲ ಕೆಲಸ ತೇಯುವ ಕಲ್ಲಿನ ಮೇಲೆ ಬಜೆ ತೇಯುವುದು. ಒಂದು ಸುತ್ತು ಬಜೆ, ಅರ್ಧ ಸುತ್ತು ಜಾಯಿಕಾಯಿ, ತಾಯಿಯ ಹಾಲು ಎರಡು ತೊಟ್ಟು. ಅದನ್ನು ಕಿರುಬೆರಳಿನಿಂದ ನೀಲಳ ನಾಲಿಗೆಗೆ ಹಚ್ಚುತ್ತಿದ್ದಳು. ನೀಲ ಮುಖ ಕಿವುಚಿಕೊಳ್ಳುತ್ತಿದ್ದಳು.

"ಬಜೆ ತಿಂದ ಕೂಸಿಗೆ ಮಾತು ಸ್ಫುಟವಾಗಿ ಬರುತ್ತೆ ಕಣೆ. ನಿನಗೂ ಹಚ್ಚಿದ್ದೆ. ಈಗ ಬಾಯಿ ಮುಚ್ಚಿಸೋಕೇ ಆಗಲ್ಲ" ಎಂದು ಅಜ್ಜಿ ನನ್ನನ್ನು ರೇಗಿಸುತ್ತಿದ್ದಳು.

ಆಮೇಲೆ ಮಾವಳ್ಳಿಯಿಂದ ಮುನಿಯಮ್ಮ ಬರುತ್ತಿದ್ದಳು. ಬೀದಿಯ ಕೂಸುಗಳಿಗೆಲ್ಲ ನೀರೆರೆಯುವವಳು ಅವಳೇ. ಬಚ್ಚಲುಮನೆಯಲ್ಲಿ ಕಾಲು ಚಾಚಿ ಕೂತು, ಮೊಣಕಾಲಿನ ಕೆಳಗೆ ನೀಲಳನ್ನು ಮಲಗಿಸಿಕೊಂಡು, ಹರಳೆಣ್ಣೆ ಹಚ್ಚಿ ತೋಳು ತೊಡೆ ನೀವುತ್ತಿದ್ದಳು. ನೆತ್ತಿಯ ಮೆತ್ತನೆಯ ಜಾಗಕ್ಕೆ ಅಂಗೈತುಂಬ ಎಣ್ಣೆ ಒತ್ತಿ, ಅದು ಮಿಡಿಯುವುದನ್ನು ನನಗೆ ಮುಟ್ಟಿಸಿ ತೋರಿಸುತ್ತಿದ್ದಳು. "ಇದು ಮುಚ್ಕಳ್ಳೋವರ್ಗೂ ಕೂಸು ಅರ್ಧ ದೇವ್ರ ಕಡೇದು ಕಣವ್ವ" ಎನ್ನುತ್ತಿದ್ದಳು. ಕಡಲೆಹಿಟ್ಟು, ಬಿಸಿನೀರು, ಸಾಂಬ್ರಾಣಿ ಹೊಗೆ ಎಲ್ಲ ಮುಗಿದ ಮೇಲೆ ಹತ್ತಿಯ ಬಟ್ಟೆಯಲ್ಲಿ ಸುತ್ತಿದ ನೀಲಳನ್ನು ನನ್ನ ಕೈಗೆ ಕೊಡುತ್ತಿದ್ದರು. ಅವಳ ತಲೆಯ ವಾಸನೆಗಾಗಿ ನಾನು ಶಾಲೆಗೆ ತಡವಾಗಿ ಹೋಗಿ ಬೆತ್ತದ ಏಟು ತಿಂದದ್ದುಂಟು.

ಎಲ್ಲವೂ ಹೊತ್ತಿಗೆ ಸರಿಯಾಗಿ ಬಂತು. ಮೂರು ತಿಂಗಳಿಗೆ ಕತ್ತು ನಿಂತಿತು. ನಾಲ್ಕು ತುಂಬುವ ಮೊದಲೇ ಬೋರಲು ಬಿದ್ದಳು. ಕಡುಬು ಬೆಂದಿತು. ನಾನು ತಟ್ಟೆ ಹಿಡಿದು ಹನ್ನೊಂದು ಮನೆ ತಿರುಗಿದೆ. ಅವಳು ಮುಖ ನೋಡಿ ನಗುವುದಂತೂ ಎಲ್ಲ ಕೂಸುಗಳಿಗಿಂತ ಮೊದಲು. ಯಾರು ತೊಟ್ಟಿಲ ಹತ್ತಿರ ಬಂದರೂ ಅವರ ಮುಖವನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಅವರ ಹುಬ್ಬು ಏರಿದರೆ ಅವಳ ಹುಬ್ಬೂ ಏರುತ್ತಿತ್ತು. "ಎಂಥ ಚುರುಕು ಕಣ್ಣು" ಎಂದು ಬಂದವರೆಲ್ಲ ಹೇಳುತ್ತಿದ್ದರು. ಅಜ್ಜಿ ತಕ್ಷಣ ನೀಲಳ ಕೆನ್ನೆಯ ಮೇಲೆ ಇನ್ನೊಂದು ಕಪ್ಪು ಬೊಟ್ಟು ಇಡುತ್ತಿದ್ದಳು.

ಐದನೆಯ ತಿಂಗಳಿನಲ್ಲಿ ಅವಳು ಸದ್ದು ಮಾಡತೊಡಗಿದಳು. ಗಂಟಲಿನಿಂದ ಗುಳುಗುಳು ಎಂದು ಬರುತ್ತಿದ್ದ ಸದ್ದು ಒಂದು ಮಧ್ಯಾಹ್ನ "ಅಗ್ಗ" ಎಂದು ಕೇಳಿಸಿತು. ನನಗೆ ಅದು "ಅಕ್ಕ" ಎಂದೇ ಕೇಳಿಸಿತು. ನಾನು ಅಮ್ಮನ ಹತ್ತಿರ ಓಡಿದೆ. "ಅಷ್ಟು ಬೇಗ ಎಲ್ಲಿ ಹೇಳ್ತಾಳೆ, ಹೋಗೇ" ಎಂದು ಅಮ್ಮ ನಕ್ಕಳು.

ಆ ದಿನಗಳಲ್ಲೇ ನಾನು ಮಾಡಬಾರದ್ದೊಂದನ್ನು ಮಾಡಿದೆ.

ನಮ್ಮ ಮನೆಯಲ್ಲಿ ಮಾತು ಬರುವ ತನಕ ಕೂಸಿಗೆ ಕನ್ನಡಿ ತೋರಿಸುವಂತಿರಲಿಲ್ಲ. "ತೋರಿಸಿದ್ರೆ ಮಾತು ಕನ್ನಡಿ ಒಳಗೇ ಉಳ್ಕೊಂಡ್ಬಿಡುತ್ತೆ" ಎಂದು ಅಜ್ಜಿ ಹೇಳಿದ್ದಳು. ಅಪ್ಪಾಜಿ ಕ್ಷೌರಕ್ಕೆ ಇಟ್ಟುಕೊಂಡಿದ್ದ ಕೈಗನ್ನಡಿ ಹಿತ್ತಿಲ ಬಾಗಿಲ ಪಕ್ಕ ಮೊಳೆಗೆ ತೂಗುಬಿದ್ದಿತ್ತು. ಮುಖ ಕಂಡರೆ ಇಷ್ಟು ನಗುವ ಹುಡುಗಿ ತನ್ನ ಮುಖ ಕಂಡರೆ ಎಷ್ಟು ನಗಬಹುದು ಎಂದು ನನಗೆ ತಡೆಯಲಾಗದ ಆಸೆ. ಅಜ್ಜಿ ಮಧ್ಯಾಹ್ನ ಕಣ್ಣು ಮುಚ್ಚಿದಾಗ ಕನ್ನಡಿ ತೆಗೆದು ನೀಲಳ ಎದುರು ಹಿಡಿದೆ. ಅವಳು ಮೊದಲು ಸುಮ್ಮನೆ ನೋಡಿದಳು. ಆಮೇಲೆ ಮೈಯೆಲ್ಲ ಕುಲುಕಿಸಿ ನಕ್ಕಳು, ಗಾಜಿನ ಮೇಲೆ ಬಾಯಿಟ್ಟು "ಅಗ್ಗ, ಅಗ್ಗ" ಎಂದಳು. ಗಾಜು ಮಂಜಾಯಿತು. ನಾನು ಲಂಗದ ಅಂಚಿನಲ್ಲಿ ಅದನ್ನು ಒರೆಸಿ ಮತ್ತೆ ಹಿಡಿದೆ. ಹೀಗೆ ಎಷ್ಟೋ ಮಧ್ಯಾಹ್ನ ಮಾಡಿದೆ.

ದೀಪಾವಳಿ ಬಂತು. ನೀಲಳಿಗೆ ಆರು ತಿಂಗಳು ದಾಟಿತ್ತು, ಚೆನ್ನಾಗಿ ಕೂರುತ್ತಿದ್ದಳು. ನಮ್ಮ ಎದುರುಮನೆಯವರಿಗೂ ಅದೇ ವಯಸ್ಸಿನ ಗಂಡುಮಗುವಿತ್ತು. ನರಕಚತುರ್ದಶಿಯ ಬೆಳಿಗ್ಗೆ, ಎಣ್ಣೆಸ್ನಾನವಾದ ಮೇಲೆ, ದೊಡ್ಡ ಹುಡುಗರು ಬೀದಿಯ ನಡುವೆ ಡಬ್ಬದ ಕೆಳಗೆ ಆನೆಪಟಾಕಿ ಇಟ್ಟು ಹಚ್ಚಿದರು. ಡಬ್ಬ ಸೂರಿನವರೆಗೆ ಹಾರಿತು. ಕಾಗೆಗಳೆಲ್ಲ ಎದ್ದವು. ಎದುರುಮನೆಯ ಮಗು ಉಸಿರು ಕಟ್ಟಿ ನೀಲಿಗಟ್ಟುವಷ್ಟು ಅತ್ತಿತು. ಅದರ ತಾಯಿ ಕಿವಿ ಮುಚ್ಚಿ ಒಳಗೆ ಓಡಿದಳು.

ನೀಲ ಅಜ್ಜಿಯ ತೊಡೆಯ ಮೇಲೆ ಬೀದಿಗೆ ಬೆನ್ನು ಮಾಡಿ ಕೂತು ಅಜ್ಜಿಯ ಸರದ ಗುಂಡನ್ನು ಚೀಪುತ್ತಿದ್ದಳು. ಅವಳು ಚೀಪುವುದನ್ನು ನಿಲ್ಲಿಸಲಿಲ್ಲ.

"ನೋಡ್ರೇ ನಮ್ಮ ಕೂಸಿನ ಧೈರ್ಯನ" ಎಂದು ಅಜ್ಜಿ ಬೀದಿಗೆಲ್ಲ ಕೇಳುವಂತೆ ಹೇಳಿದಳು. ಎಲ್ಲರೂ ನಕ್ಕರು, ಹೊಗಳಿದರು. ನಾನೂ ಹೆಮ್ಮೆಯಿಂದ ನಕ್ಕೆ. ಮುನಿಯಮ್ಮ ಹಬ್ಬದ ಎಲೆ ಅಡಿಕೆ ತೆಗೆದುಕೊಂಡು ಹೋಗಲು ಬಂದಿದ್ದವಳು ಜಗಲಿಯ ತುದಿಯಲ್ಲಿ ನಿಂತಿದ್ದಳು. ಅವಳೊಬ್ಬಳೇ ನಗಲಿಲ್ಲ. ನೀಲಳ ಬೆನ್ನನ್ನೇ ನೋಡುತ್ತಿದ್ದಳು.

ಮಾರನೆಯ ದಿನ ನೀರೆರೆದ ಮೇಲೆ ಮುನಿಯಮ್ಮ ನೀಲಳನ್ನು ನನ್ನ ತೊಡೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂರಿಸಿದಳು. "ಆಡಿಸ್ತಿರು" ಎಂದಳು. ನಾನು ಬೆರಳು ಆಡಿಸುತ್ತಿದ್ದೆ. ಅವಳು ಹಿಂದೆ ಹೋಗಿ ತಾಮ್ರದ ಚೊಂಬನ್ನು ಬಕೆಟ್ಟಿನ ಅಂಚಿಗೆ ಜೋರಾಗಿ ಬಡಿದಳು. ನಾನು ಬೆಚ್ಚಿ ಹಾರಿದೆ. ನಾನು ಹಾರಿದ್ದರಿಂದ ನೀಲ ನನ್ನ ಮುಖ ನೋಡಿದಳು. ಹಿಂದಕ್ಕೆ ನೋಡಲಿಲ್ಲ.

ಮುನಿಯಮ್ಮ ಚೊಂಬನ್ನು ಮೆಲ್ಲಗೆ ಕೆಳಗಿಟ್ಟಳು.

"ಏನು ಮುನಿಯಮ್ಮ?"

"ಏನಿಲ್ಲ ಕಣವ್ವ. ನೀನು ಯಾರ್ಗೂ ಏನೂ ಹೇಳಕ್ಕೋಗ್ಬ್ಯಾಡ. ಇನ್ನೂ ಹಸುಗೂಸು. ನೋಡಾನ."

ನನಗೆ ಏನು ಹೇಳಬಾರದು ಎಂಬುದೇ ಆ ಕ್ಷಣ ಗೊತ್ತಾಗಿರಲಿಲ್ಲ. ಶಾಲೆಗೆ ಹೋಗುವ ದಾರಿಯಲ್ಲಿ ಗೊತ್ತಾಯಿತು. ಗೊತ್ತಾದಾಗ ಕಣ್ಣಿನ ಮುಂದೆ ಬಂದದ್ದು ಆ ಕೈಗನ್ನಡಿ.

ಅಂದಿನಿಂದ ನನಗೆ ಬೇರೆ ಆಟವೇ ಇರಲಿಲ್ಲ. ಕುಂಟೆಬಿಲ್ಲೆಗೆ ಕರೆದರೆ ಹೋಗುತ್ತಿರಲಿಲ್ಲ. ನೀಲಳ ಹಿಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಬಳೆ ಕುಲುಕುತ್ತಿದ್ದೆ. ಹೆಸರು ಹಿಡಿದು ಕರೆಯುತ್ತಿದ್ದೆ, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಆಮೇಲೆ ಕಿವಿಯ ಹತ್ತಿರವೇ. ಕಿವಿಯ ಹತ್ತಿರ ಕರೆದಾಗ ಕೆಲವು ಸಲ ತಿರುಗುತ್ತಿದ್ದಳು. ನನ್ನ ಎದೆ ಹಗುರವಾಗುತ್ತಿತ್ತು. ಆದರೆ ಬಾಯಿಗೆ ಕೈ ಅಡ್ಡ ಹಿಡಿದು ಅಷ್ಟೇ ಜೋರಾಗಿ ಕರೆದರೆ ತಿರುಗುತ್ತಿರಲಿಲ್ಲ. ನನ್ನ ಉಸಿರಿನ ಬಿಸಿ ತಾಕಿ ತಿರುಗುತ್ತಿದ್ದಳೆಂದು ನನಗೆ ತಿಳಿದುಹೋಯಿತು. ಹತ್ತು ವರ್ಷ ತುಂಬದ ಹುಡುಗಿ ನಾನು, ಆ ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲದ್ದನ್ನು ತಿಳಿದುಕೊಂಡು ಬಾಯಿ ಮುಚ್ಚಿಕೊಂಡು ತಿರುಗುತ್ತಿದ್ದೆ.

ಬೇರೆ ಯಾರಿಗೂ ಗೊತ್ತಿರಲಿಲ್ಲ ಎಂದು ಆಗ ಅಂದುಕೊಂಡಿದ್ದೆ. ಈಗ ಹಾಗೆ ಅನಿಸುವುದಿಲ್ಲ.

ಅಮ್ಮ ಮೆಣಸಿನಪುಡಿ ಕುಟ್ಟುವಾಗ ನೀಲ ಎಲ್ಲಿದ್ದರೂ ಅಂಗೈಯನ್ನು ನೆಲಕ್ಕೆ ಊರಿ ಒರಳಿನ ಕಡೆ ನೋಡುತ್ತಿದ್ದಳು. "ನೋಡು, ಹೇಗೆ ಕೇಳಿಸ್ಕೊಳ್ತದೆ" ಎಂದು ಅಜ್ಜಿ ಪದೇಪದೇ ಹೇಳುತ್ತಿದ್ದಳು. ಅಷ್ಟು ಸಲ ಹೇಳುವ ಅಗತ್ಯವೇನಿತ್ತು? ಬಜೆ ಒಂದು ಸುತ್ತಿನಿಂದ ಎರಡಾಯಿತು. ಆಮೇಲೆ ಮೂರು. ಅಜ್ಜಿ ಒಂದು ಭಾನುವಾರ ಗವಿಪುರದ ದೇವಸ್ಥಾನಕ್ಕೆ ಹೋಗಿ ಬಂದು ತೀರ್ಥವನ್ನು ನೀಲಳ ಎರಡೂ ಕಿವಿಗೆ ಸವರಿದಳು. ಬಾಯಿಗಲ್ಲ, ಕಿವಿಗೆ. ಅಮ್ಮ ಅದನ್ನು ನೋಡಿದಳು, ನೋಡದವಳ ಹಾಗೆ ಒಳಗೆ ಹೋದಳು.

ಸಂಕ್ರಾಂತಿಯ ಮಾರನೆಯ ದಿನ ನೀಲ ಹೊಸಿಲು ದಾಟಿದಳು. ಒಂಬತ್ತು ತಿಂಗಳು. ಅಂಬೆಗಾಲಿನಲ್ಲಿ ಪಡಸಾಲೆಯಿಂದ ಹೊರಟು ಎರಡು ಕೈ ಹೊಸಿಲ ಆಚೆ ಹಾಕಿ ಮೈ ಎಳೆದುಕೊಂಡಳು. ಅಮ್ಮ ಹೋಳಿಗೆಗೆ ಹೂರಣ ರುಬ್ಬಿದಳು. ನೆರೆಯವರು ಬಂದರು. ಅಪ್ಪಾಜಿ ಮಂಡಿಯಿಂದ ಬೇಗ ಬಂದಿದ್ದರು. ಇನ್ನೊಂದು ಸಲ ದಾಟಿಸಿ ನೋಡೋಣವೆಂದು ನೀಲಳನ್ನು ಹೊಸಿಲ ಈಚೆ ಬಿಟ್ಟರು. ಅವಳು ದಾಟಿ ಜಗಲಿಯ ಬಿಸಿಲಿನ ಕಡೆ ಹೊರಟಳು.

"ನೀಲಾ" ಎಂದು ಅಪ್ಪಾಜಿ ಹಿಂದಿನಿಂದ ಕರೆದರು. "ನೀಲಮ್ಮಾ, ಇಲ್ಲಿ ನೋಡು, ಅಪ್ಪಾಜಿ." ಅವಳು ಹೋಗುತ್ತಲೇ ಇದ್ದಳು. ನೆರೆಯವಳೊಬ್ಬಳು ಕರೆದಳು. ಇನ್ನೊಬ್ಬಳು ಚಪ್ಪಾಳೆ ತಟ್ಟಿದಳು. ಆಮೇಲೆ ಎಲ್ಲರೂ ಸೇರಿ ನಗುತ್ತ ಕರೆದರು. ಒಂಬತ್ತು ಹತ್ತು ಜನ ಅವಳ ಹೆಸರು ಕೂಗುತ್ತಿದ್ದರು, ಅವಳು ಬೆನ್ನು ತಿರುಗಿಸಿಕೊಂಡು, ನೆಲದ ಮೇಲೆ ಬಿದ್ದಿದ್ದ ಕಬ್ಬಿನ ಸಿಪ್ಪೆಯ ಕಡೆ ಒಂದೊಂದೇ ಮೊಣಕಾಲು ಇಡುತ್ತ ಹೋದಳು. ನಗು ಸ್ವಲ್ಪ ಸ್ವಲ್ಪವೇ ಇಳಿಯಿತು. ಕೊನೆಗೆ ಅಪ್ಪಾಜಿಯ ದನಿಯೊಂದೇ ಉಳಿಯಿತು. ಅವರೂ ನಿಲ್ಲಿಸಿದರು.

"ಹಟಮಾರಿ. ಅಪ್ಪನ ಹಾಗೇ" ಎಂದು ಅಜ್ಜಿ ಹೇಳಿದಳು. ಎಲ್ಲರೂ ಹೋಳಿಗೆಯ ಮೇಲೆ ಬಾಗಿದರು.

ಆ ಹೊತ್ತಿಗೆ ನೀಲಳ "ಅಗ್ಗ" ಕಡಿಮೆಯಾಗುತ್ತಿತ್ತು. ಎದುರುಮನೆಯ ಗಂಡುಮಗು "ತಾತಾ, ಮಾಮಾ" ಎಂದು ಬೀದಿಯನ್ನೇ ತುಂಬಿಸುತ್ತಿದ್ದಾಗ ನಮ್ಮ ಮನೆಯಲ್ಲಿ ದಿನದಿಂದ ದಿನಕ್ಕೆ ಸದ್ದು ಇಳಿಯುತ್ತಿತ್ತು. ಮೊದಲು ಗಂಟೆಗೊಂದು ಸಲ. ಆಮೇಲೆ ಹೊತ್ತಿಗೊಂದು ಸಲ. ಅಳು, ನಗು ಇದ್ದವು. ನಡುವೆ ಇರಬೇಕಾದದ್ದು ಆರುತ್ತ ಬಂತು. ಶಿವರಾತ್ರಿಯ ಹೊತ್ತಿಗೆ ಅದು ಪೂರ್ತಿ ನಿಂತಿತ್ತು. ನಾನು ಅವಳ ಮುಖದ ಹತ್ತಿರ ಕೂತು "ಅಕ್ಕ ಅನ್ನು, ಅಕ್ಕ" ಎಂದು ಹೇಳಿಕೊಡುತ್ತಿದ್ದೆ. ಅವಳು ನನ್ನ ತುಟಿಯ ಮೇಲೆ ಬೆರಳಿಟ್ಟು, ತನ್ನ ಬಾಯನ್ನೂ ಹಾಗೆಯೇ ತೆರೆದು ಮುಚ್ಚುತ್ತಿದ್ದಳು. ಅದರಿಂದ ಏನೂ ಬರುತ್ತಿರಲಿಲ್ಲ.

ಒಂದು ದಿನ ಅಜ್ಜಿ ಬಜೆ ತೇಯುವುದನ್ನು ಅರ್ಧಕ್ಕೆ ನಿಲ್ಲಿಸಿ ಕೇಳಿದಳು: "ಈ ಮನೇಲಿ ಯಾರಾದ್ರೂ ಕೂಸಿಗೆ ಕನ್ನಡಿ ತೋರಿಸಿದ್ರಾ?"

"ಇಲ್ಲ ಅತ್ತೆ. ಯಾರು ತೋರಿಸ್ತಾರೆ" ಎಂದಳು ಅಮ್ಮ.

ಅಜ್ಜಿ ನನ್ನ ಕಡೆ ನೋಡಿದಳು. ನಾನು ಮಗ್ಗಿ ಬರೆಯುತ್ತಿದ್ದ ಸ್ಲೇಟಿನ ಮೇಲೆ ಕಣ್ಣಿಟ್ಟುಕೊಂಡೆ. ಬಳಪ ಕೈಯಲ್ಲಿ ತುಂಡಾಯಿತು.

ನೀಲ ಹನ್ನೆರಡು ತಿಂಗಳು ತುಂಬಿ ಎರಡೇ ವಾರಕ್ಕೆ ನಡೆದಳು. ಬೇಸಿಗೆ ರಜ. ಅಮ್ಮ ಹಿತ್ತಿಲಿನಲ್ಲಿ ಸಂಡಿಗೆ ಇಡುತ್ತಿದ್ದಳು. ನೀಲಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಾನು ಜಗಲಿಯ ಮೇಲೆ ಕೂತು ಹುಣಿಸೆಬೀಜ ಎಣಿಸುತ್ತಿದ್ದೆ. ಪಕ್ಕದಲ್ಲೇ ಅವಳು ಕಂಬ ಹಿಡಿದು ನಿಂತಿದ್ದಳು. ನಾನು ತಲೆ ಎತ್ತಿದಾಗ ಕಂಬದ ಹತ್ತಿರ ಯಾರೂ ಇರಲಿಲ್ಲ. ಗೇಟು ಓರೆಯಾಗಿತ್ತು. ಅವಳು ಬೀದಿಯ ನಡುವಿನಲ್ಲಿ ಎರಡೂ ಕೈ ಮೇಲೆತ್ತಿಕೊಂಡು, ಹೊಸದಾಗಿ ನಡೆಯುವ ಮಕ್ಕಳ ಹಾಗೆ ತೂರಾಡುತ್ತ, ಎದುರುಮನೆಯ ಮೇಕೆಮರಿಯ ಕಡೆ ಹೋಗುತ್ತಿದ್ದಳು.

ಕೋಟೆಯ ಕಡೆಯಿಂದ ಒಂದು ಜಟಕಾ ಬರುತ್ತಿತ್ತು. ಗಾಡಿಯ ಸಾಬರು "ಹೋಯ್, ಹೋಯ್" ಎಂದು ಕೂಗಿದರು. ಕಾಲಿನ ಗಂಟೆಯನ್ನು ಒಂದೇ ಸಮನೆ ತುಳಿದರು. ಬೀದಿಯ ನಾಯಿಗಳೂ ಪಕ್ಕಕ್ಕೆ ಸರಿದವು. ನಾನು "ನೀಲಾ" ಎಂದು ಕಿರುಚಿದೆ. ಕಿರುಚುತ್ತಿರುವಾಗಲೇ, ಅದರಿಂದ ಏನೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಓಡಬೇಕಾಗಿತ್ತು. ಜಗಲಿಯ ಮೇಲೇ ನಿಂತು ಕಿರುಚುತ್ತಲೇ ಇದ್ದೆ.

ಸಾಬರು ಲಗಾಮನ್ನು ಮೈಯೆಲ್ಲ ಹಿಂದಕ್ಕೆ ಹಾಕಿ ಎಳೆದರು. ಕುದುರೆ ಮುಂಗಾಲೆತ್ತಿ ಪಕ್ಕಕ್ಕೆ ತಿರುಗಿತು. ಚಕ್ರ ಮೋರಿಯ ಕಲ್ಲಿಗೆ ಬಡಿದು ನಿಂತಿತು. ಧೂಳು ಇಳಿದಾಗ ನೀಲ ಕುದುರೆಯ ಕಾಲಿನಿಂದ ಒಂದು ಮೊಳ ದೂರದಲ್ಲಿ ಕೂತಿದ್ದಳು. ನೆಲ ಅದುರಿದ್ದಕ್ಕೆ ಕುಕ್ಕರಿಸಿದ್ದಳು. ಆಗ ಮಾತ್ರ ತಲೆಯೆತ್ತಿ ಕುದುರೆಯನ್ನು ಕಂಡಳು, ಕಂಡು ನಕ್ಕಳು.

ಸಾಬರು ಇಳಿದು ಬಂದು ಅವಳನ್ನು ಎತ್ತಿಕೊಂಡರು. ಬಿಳಿಗಡ್ಡದ ಮನುಷ್ಯ. ಸಂಡಿಗೆ ಹಿಟ್ಟಿನ ಕೈಯಲ್ಲೇ ಅಮ್ಮ ಗೇಟಿಗೆ ಓಡಿಬಂದಿದ್ದಳು. ಅಜ್ಜಿ ಬಾಗಿಲಲ್ಲಿ ನಿಂತಿದ್ದಳು.

"ಎಷ್ಟು ಕೂಗಿದೆ ಅಮ್ಮಾ. ಗಂಟೆ ಹೊಡೆದೆ. ಬಚ್ಚಿ ತಿರುಗಿ ನೋಡ್ಲೇ ಇಲ್ಲ" ಎಂದರು ಸಾಬರು. ನೀಲಳ ಮುಖವನ್ನು ಒಮ್ಮೆ ನೋಡಿ, ಅವಳ ಕಿವಿಯ ಪಕ್ಕ ಚಿಟಿಕೆ ಹೊಡೆದರು. ಆಮೇಲೆ ದನಿ ಇಳಿಸಿ ಕೇಳಿದರು: "ಮಗೂಗೆ ಕಿವಿ ಕೇಳಲ್ವಾ ತಾಯಿ?"

ಒಂದು ವರ್ಷ ನಮ್ಮ ಮನೆಯಲ್ಲಿ ಯಾರೂ ಆಡದ ಮಾತನ್ನು ಹೆಸರು ಗೊತ್ತಿಲ್ಲದ ಒಬ್ಬ ಮನುಷ್ಯ ಬೀದಿಯಲ್ಲಿ ನಿಂತು ಆಡಿದ. ಅಮ್ಮ ನೀಲಳನ್ನು ತೆಗೆದುಕೊಂಡಳು. "ಇಲ್ಲ. ಕೇಳಲ್ಲ" ಎಂದಳು. ಅಷ್ಟು ಸಲೀಸಾಗಿ ಹೇಳಿದಳು. ಎಷ್ಟೋ ತಿಂಗಳಿಂದ ಬಾಯಲ್ಲಿ ಇಟ್ಟುಕೊಂಡಿದ್ದವಳ ಹಾಗೆ. ಬಾಗಿಲಲ್ಲಿದ್ದ ಅಜ್ಜಿ ಹೊಸಿಲ ಮೇಲೆ ಕೂತುಬಿಟ್ಟಳು. ಹೊಸಿಲ ಮೇಲೆ ಕೂರಬಾರದೆಂದು ನಮಗೆಲ್ಲ ಗದರುತ್ತಿದ್ದವಳು.

ಸಂಜೆ ಅಪ್ಪಾಜಿಗೆ ಅಮ್ಮ ಹೇಳಿದಳು. ಅವರು "ನಾಳೆ ಮಂಡಿ ತೆಗೆಯಲ್ಲ" ಎಂದರು. ಹಬ್ಬ, ಸಾವು ಬಿಟ್ಟು ಅವರು ಮಂಡಿ ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ.

ದಂಡುಪ್ರದೇಶದ ಕಡೆ ಒಬ್ಬರು ಕಿವಿಯ ಡಾಕ್ಟರಿದ್ದರು. ಅಪ್ಪಾಜಿ, ಅಮ್ಮ, ನೀಲ, ಜೊತೆಗೆ ನಾನು. ನೀಲ ನನ್ನನ್ನು ಬಿಟ್ಟು ಇರುತ್ತಿರಲಿಲ್ಲ, ಅದಕ್ಕೆ ನನ್ನನ್ನು ಕರೆದುಕೊಂಡು ಹೋದರು. ಎತ್ತರದ ಚಾವಣಿಯ ಕೋಣೆ, ಸ್ಪಿರಿಟ್ಟಿನ ವಾಸನೆ. ಡಾಕ್ಟರು ನೀಲಳ ಬೆನ್ನ ಹಿಂದೆ ಸೀಟಿ ಊದಿದರು, ಗಂಟೆ ಬಾರಿಸಿದರು, ಒಂದು ಕವೆಗೋಲಿನಂಥ ಉಕ್ಕನ್ನು ಮೊಣಕೈಗೆ ಬಡಿದು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ಉಕ್ಕು ಒತ್ತಿದಾಗ ನೀಲ ಕಣ್ಣರಳಿಸಿದಳು. "ಅದು ಅದುರೋದು ಗೊತ್ತಾಗುತ್ತೆ ಅಷ್ಟೆ" ಎಂದರು ಡಾಕ್ಟರು. ಅಪ್ಪಾಜಿ ಹೊರಗೆ ಹೋಗಿ ವರಾಂಡದಲ್ಲಿ ನಿಂತರು.

ಡಾಕ್ಟರು ಅಮ್ಮನ ಕಡೆ ತಿರುಗಿದರು. "ಒಂದು ವಿಷಯ ಕೇಳ್ತೀನಮ್ಮ, ಯೋಚನೆ ಮಾಡಿ ಹೇಳಿ. ನೀವು ಬಸುರಿಯಾದ ಮೊದಲ ಎರಡು ಮೂರು ತಿಂಗಳಲ್ಲಿ ಮೈಮೇಲೆ ಸಣ್ಣ ಕೆಂಪು ಗಂದೆ ಎದ್ದು ಜ್ವರ ಬಂದಿತ್ತಾ? ದೊಡ್ಡ ದಡಾರ ಅಲ್ಲ. ಮೂರು ದಿನಕ್ಕೆ ಹೋಗಿಬಿಡುತ್ತೆ. ಕತ್ತಿನ ಹಿಂದೆ ಗಂಟು ಕಟ್ಟುತ್ತೆ. ಅದು ಬಸುರಿಗೆ ಬಂದ್ರೆ ಒಳಗಿರೋ ಮಗು ಕಿವಿ ಕೆಡುತ್ತೆ ಅಂತ ಈಚೆಗೆ ಪರದೇಶದಲ್ಲಿ ಕಂಡ್ಕೊಂಡಿದಾರೆ."

ನನಗೆ ಅದು ತಟ್ಟನೆ ನೆನಪಾಯಿತು. ನೀಲ ಹುಟ್ಟುವುದಕ್ಕೆ ಹಿಂದಿನ ವರ್ಷದ ಶ್ರಾವಣ. ನಮ್ಮ ತರಗತಿಯಲ್ಲಿ ಅರ್ಧ ಹುಡುಗಿಯರು ಬಂದಿರಲಿಲ್ಲ. ನನ್ನ ಹೊಟ್ಟೆ, ತೋಳು ಎಲ್ಲ ಕೆಂಪಾಗಿ ತುರಿಸಿತ್ತು. ಕತ್ತಿನ ಹಿಂದೆ ಕಡಲೆಕಾಳಿನಷ್ಟು ಗಂಟುಗಳು. ಮೂರು ದಿನ ಅಮ್ಮನ ಮಗ್ಗುಲಲ್ಲೇ ಮಲಗಿದ್ದೆ. ನನಗೆ ವಾಸಿಯಾಗಿ ಎರಡು ವಾರಕ್ಕೆ ಅಮ್ಮನ ಕತ್ತಿನ ಮೇಲೂ ಕೆಂಪು ಹರಡಿತ್ತು. "ಉಷ್ಣ ಆಗಿದೆ" ಎಂದು ಅಜ್ಜಿ ಜೀರಿಗೆ ನೀರು ಕೊಟ್ಟಿದ್ದಳು. ಅಮ್ಮ ಸೆರಗು ಹೊದ್ದುಕೊಂಡು ಹಬ್ಬದ ಅಡುಗೆ ಮಾಡಿದ್ದಳು.

ನಾನು ಬಾಯಿ ತೆರೆದೆ. ಹೇಳಬೇಕಾದದ್ದನ್ನು ಮೊದಲೇ ಹೇಳದೆ ಆರು ತಿಂಗಳು ನರಳಿದ್ದೆ, ಇದನ್ನಾದರೂ ಹೇಳಿಬಿಡೋಣವೆಂದು. ನನ್ನ ಮಣಿಕಟ್ಟಿನ ಮೇಲೆ ಅಮ್ಮನ ಕೈ ಬಿತ್ತು. ಬಳೆ ಚರ್ಮಕ್ಕೆ ಒತ್ತುವಷ್ಟು ಬಿಗಿ.

"ಇಲ್ಲ ಡಾಕ್ಟ್ರೇ. ನನಗೆ ಅಂಥದ್ದೇನೂ ಬಂದಿರಲಿಲ್ಲ" ಎಂದಳು ಅಮ್ಮ.

ಡಾಕ್ಟರು ತಲೆಯಾಡಿಸಿ ಏನೋ ಬರೆದುಕೊಂಡರು.

ಹಿಂದಿರುಗುವಾಗ ಬಸ್ಸಿನಲ್ಲಿ ಅಪ್ಪಾಜಿ ಮುಂದೆ ಕೂತಿದ್ದರು, ನಾವು ಹಿಂದೆ. ನೀಲ ಅಮ್ಮನ ಎದೆಗೆ ಒರಗಿ ನಿದ್ದೆಹೋಗಿದ್ದಳು. ನನಗೆ ಇನ್ನು ತಡೆಯಲಾಗಲಿಲ್ಲ.

"ಅಮ್ಮ, ನಾನು ಅವಳಿಗೆ ಕನ್ನಡಿ ತೋರಿಸಿದ್ದೆ."

ಅಮ್ಮ ನನ್ನ ಕಡೆ ತಿರುಗಿದಳು. "ಯಾವಾಗ?"

"ದೀಪಾವಳಿಗೆ ಮುಂಚೆ. ತುಂಬ ಸಲ."

"ಅವತ್ತಿಂದ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ದೀಯಾ?" ಅಮ್ಮ ನನ್ನ ತಲೆಯನ್ನು ಎಳೆದು ತೋಳಿಗೆ ಒತ್ತಿಕೊಂಡಳು. "ಕನ್ನಡಿಯಿಂದ ಯಾರಿಗೂ ಕಿವಿ ಹೋಗಲ್ಲ ಕಣೆ. ಅದೆಲ್ಲ ಸುಮ್ನೆ."

"ಮತ್ತೆ ಯಾತ್ರಿಂದ ಹೋಯ್ತು?"

ಅಮ್ಮ ಕಿಟಕಿಯ ಆಚೆ ನೋಡಿದಳು. "ಗೊತ್ತಿಲ್ಲ. ಡಾಕ್ಟ್ರಿಗೇ ಗೊತ್ತಿಲ್ಲ" ಎಂದಳು.

ಆ ಮಾತನ್ನು ನಾನು ನಂಬಿದವಳ ಹಾಗೆ ಸುಮ್ಮನಾದೆ. ನಾನು ನಂಬಿದೆನೆಂದು ಅಮ್ಮನೂ ನಂಬಿದವಳ ಹಾಗೆ ಇದ್ದಳು. ಮುಂದಿನ ನಲವತ್ತು ವರ್ಷ ನಾವು ಹಾಗೆಯೇ ಇದ್ದೆವು. ಒಂದು ಸಲ ಮಾತ್ರ ಅದು ಅಲುಗಿತು. ನನ್ನ ಮೊದಲ ಬಸಿರಿಗೆ ತವರಿಗೆ ಬಂದಿದ್ದೆ, ಇನ್ನೂ ಎರಡನೆಯ ತಿಂಗಳು. ಬೀದಿಯ ಮಕ್ಕಳು ನನ್ನನ್ನು ನೋಡಲು ಬಂದರೆ ಅಮ್ಮ ಗೇಟಿನಲ್ಲೇ ನಿಲ್ಲಿಸಿ, ಒಂದೊಂದು ಮಗುವಿನ ಅಂಗಿ ಎತ್ತಿ ಹೊಟ್ಟೆ ನೋಡುತ್ತಿದ್ದಳು. ಕತ್ತಿನ ಹಿಂದೆ ಬೆರಳಾಡಿಸುತ್ತಿದ್ದಳು. ಒಂದು ಹುಡುಗಿಯನ್ನು ಹಾಗೆ ಮುಟ್ಟಿ ನೋಡಿ ಒಳಗೆ ಬಿಡದೆ ಕಳಿಸಿದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅಮ್ಮ ತಿರುಗಿದಳು, ನನ್ನನ್ನು ಕಂಡಳು. "ಬಿಸಿಲಲ್ಲಿ ನಿಲ್ಬೇಡ" ಎಂದಷ್ಟೇ ಹೇಳಿ ಒಳಗೆ ಹೋದಳು.

ನೀಲಳ ವಿಷಯಕ್ಕೆ ಬರುತ್ತೇನೆ. ಅವಳಿಗೆ ಮಾತು ಬರಲಿಲ್ಲ. ಅಜ್ಜಿ ಮೂರು ವರ್ಷದವರೆಗೂ ಬಜೆ ಹಚ್ಚಿದಳು, ಒಂದು ದಿನ ಯಾರಿಗೂ ಹೇಳದೆ ನಿಲ್ಲಿಸಿದಳು. ಆದರೆ ಅಷ್ಟರಲ್ಲಿ ನಮ್ಮ ಮನೆಯಲ್ಲಿ ಬೇರೊಂದು ಭಾಷೆ ಹುಟ್ಟಿಕೊಂಡಿತ್ತು. ಅದನ್ನು ಯಾರೂ ಕಲಿಸಲಿಲ್ಲ, ನೀಲಳೇ ಶುರುಮಾಡಿದಳು. ಮೂರು ಬೆರಳನ್ನು ಹಣೆಯ ಮೇಲೆ ಅಡ್ಡ ಎಳೆದರೆ ವಿಭೂತಿ ಧರಿಸುವ ಅಜ್ಜಿ. ಮೀಸೆ ಮೂಸಿ ತುಟಿ ನೆಕ್ಕಿದರೆ ಅಪ್ಪಾಜಿ. ಹೆಬ್ಬೆರಳಿನಿಂದ ಕತ್ತಿನ ಸುತ್ತ ಗೆರೆ ಎಳೆದರೆ ಅಮ್ಮ, ತಾಳಿಯ ದಾರ. ಜಡೆ ಎಳೆದಂತೆ ಮಾಡಿದರೆ ನಾನು. ಎಪ್ಪತ್ತು ದಾಟಿದ ಅಜ್ಜಿ ಅದನ್ನೆಲ್ಲ ಕಲಿತಳು. ನಮ್ಮೆಲ್ಲರಿಗಿಂತ ಚೆನ್ನಾಗಿ ಕಲಿತಳು. ಅವರಿಬ್ಬರೂ ಜಗಲಿಯ ಮೇಲೆ ಕೂತು ಬೀದಿಯವರನ್ನೆಲ್ಲ ಕೈಯಲ್ಲೇ ಆಡಿಕೊಳ್ಳುತ್ತಿದ್ದರು. ಮುಖದ ಮೇಲೆ ಏನು ಹಾದುಹೋದರೂ ನೀಲಳಿಗೆ ತಿಳಿಯುತ್ತಿತ್ತು. ಅಪ್ಪಾಜಿ ಸಿಟ್ಟು ಮಾಡಿಕೊಳ್ಳುವ ಮೊದಲೇ ಅವಳು ಎದ್ದು ಆಚೆ ಹೋಗುತ್ತಿದ್ದಳು. ಅಮ್ಮ ಒಲೆಯ ಮುಂದೆ ಬೆನ್ನು ಮಾಡಿ ಕೂತು ಅತ್ತರೂ ಹೇಗೋ ಗೊತ್ತಾಗಿ ಬಂದು ಬೆನ್ನಿಗೆ ಕೆನ್ನೆಯಿಟ್ಟು ನಿಲ್ಲುತ್ತಿದ್ದಳು.

ಏಳನೆಯ ವಯಸ್ಸಿಗೆ ಅವಳನ್ನು ದೂರದ ಊರಿನ ಕಿವುಡುಮಕ್ಕಳ ಶಾಲೆಗೆ ಕಳಿಸಿದರು. ಅಲ್ಲಿ ಓದು ಬರಹ ಕಲಿತಳು, ಬೇರೆ ಕೈಭಾಷೆ ಕಲಿತಳು. ಮುಂದೆ ಒಂದು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿ ಮೂವತ್ತು ವರ್ಷ ದುಡಿದಳು. ಮದುವೆಯಾಗಲಿಲ್ಲ. ಈಗ ನನ್ನ ಜೊತೆಯಲ್ಲೇ ಇದ್ದಾಳೆ. ತನ್ನ ಗೆಳತಿಯರು ಬಂದಾಗ ಶಾಲೆಯ ಭಾಷೆಯಲ್ಲಿ ಮಾತಾಡುತ್ತಾಳೆ, ನನಗೆ ಅರ್ಧ ತಿಳಿಯುವುದಿಲ್ಲ. ನಾವಿಬ್ಬರೇ ಇದ್ದಾಗ ಮಾತ್ರ ಚಾಮರಾಜಪೇಟೆಯ ಮನೆಯ ಭಾಷೆ.

ಆ ಮನೆ ಹೋಗಿದೆ. ಅದರ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ನಿಂತಿದೆ. ಬೀದಿಯಲ್ಲಿ ಯಾವ ಮಗು ಯಾವ ದಿನ ಬೋರಲು ಬಿತ್ತೆಂದು ಪಕ್ಕದ ಮನೆಗೂ ತಿಳಿಯುವುದಿಲ್ಲ. ಅಜ್ಜಿ, ಅಪ್ಪಾಜಿ, ಕೊನೆಗೆ ಅಮ್ಮನೂ ಹೋದರು. ಅದಕ್ಕೆಲ್ಲ ಮನಸ್ಸು ಒಗ್ಗಿದೆ. ಒಗ್ಗದೆ ಇರುವುದು ಬೇರೆ. ನಮ್ಮ ಮನೆಯ ಆ ಭಾಷೆಯಲ್ಲಿ ಎಲ್ಲ ಸೇರಿ ಇನ್ನೂರು ಸನ್ನೆ ಇರಬಹುದು. ಐದು ಜನ ಆಡುತ್ತಿದ್ದರು. ಈಗ ಇಬ್ಬರು. ನನ್ನ ಮಕ್ಕಳಿಗೆ ಬರುವುದಿಲ್ಲ, ಕಲಿಸಬೇಕೆಂದು ನನಗೆ ಹೊತ್ತಿಗೆ ಸರಿಯಾಗಿ ಹೊಳೆಯಲಿಲ್ಲ.

ಈಚೆಗೆ ಕೆಲವು ಸನ್ನೆ ನನಗೆ ಮರೆತುಹೋಗುತ್ತಿವೆ. ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ನೀಲ ಮೂರು ಬೆರಳನ್ನು ಹಣೆಯ ಮೇಲೆ ಎಳೆದು, ಆಮೇಲೆ ಅಂಗೈಯಲ್ಲಿ ಏನೋ ತೀಡಿದಂತೆ ಮಾಡಿ ನಕ್ಕಳು. ಅಜ್ಜಿಯ ಬಗ್ಗೆ ಏನೋ ಹೇಳಿದಳು, ನಗುವಂಥದ್ದು. ಏನೆಂದು ನನಗೆ ತಿಳಿಯಲಿಲ್ಲ. ತಿಳಿದವಳ ಹಾಗೆ ನಕ್ಕೆ. ಅವಳು ನನ್ನ ಮುಖವನ್ನು ರೆಪ್ಪೆ ಬಡಿಯದೆ ನೋಡಿದಳು. ನಗು ನಿಲ್ಲಿಸಿದಳು. ಕೈಯೆರಡನ್ನೂ ಮಡಿಲಿಗೆ ತಂದು ಒಂದರೊಳಗೊಂದು ಇಟ್ಟುಕೊಂಡು ಕೂತಳು. ಅಷ್ಟು ಹೊತ್ತು ಅವಳ ಕೈಗಳು ಸುಮ್ಮನಿದ್ದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.